ಉಸಿರಾಡುವ ಗುಹೆಯೂ ಅದರ ಮೇಲಣ ಹುಲ್ಲುಗಾವಲೂ

ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಡಕೋಟ ರಾಜ್ಯದ ನೈಋತ್ಯ ಮೂಲೆಯಲ್ಲಿ, ಬ್ಲ್ಯಾಕ್ ಹಿಲ್ಸ್ ಎಂಬ ಬೆಟ್ಟಸಾಲಿನ ದಕ್ಷಿಣದ ಅಂಚಿನಲ್ಲಿ, ಹಾಟ್ ಸ್ಪ್ರಿಂಗ್ಸ್ ಎಂಬ ಸಣ್ಣ ಪಟ್ಟಣಕ್ಕೆ ಕೆಲವೇ ಮೈಲಿ ಉತ್ತರಕ್ಕೆ ವಿಂಡ್ ಕೇವ್ ರಾಷ್ಟ್ರೀಯ ಉದ್ಯಾನವಿದೆ. ೧೯೦೩ನೆಯ ಇಸವಿ ಜನವರಿ ೯ರಂದು ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟರು ಅಂಕಿತ ಹಾಕಿದ ಶಾಸನದಿಂದ ಇದು ಸ್ಥಾಪಿತವಾಯಿತು. ಒಂದು ಗುಹೆಯನ್ನು ಕಾಪಾಡುವ ಉದ್ದೇಶದಿಂದಲೇ ಆ ದೇಶದಲ್ಲಿ ರಚಿತವಾದ ಮೊದಲ ರಾಷ್ಟ್ರೀಯ ಉದ್ಯಾನವೆಂಬ ಹೆಸರು ಇದಕ್ಕುಂಟು. ಈಗ ಇದರ ವಿಸ್ತಾರ ಸುಮಾರು ೩೪,೦೦೦ ಎಕರೆ. ಪ್ರವಾಸಿಗಳಿಗಾಗಿ ಬರೆದ ಕೈಪಿಡಿಗಳು ಈ ಸ್ಥಳವನ್ನು ಎರಡು ನೋಟಗಳಾಗಿ ಒಡೆದು ವರ್ಣಿಸುತ್ತವೆ: ಕೆಳಗೆ ಗುಹೆ, ಮೇಲೆ ಹುಲ್ಲುಗಾವಲು ಮತ್ತು ಅದರ ಪ್ರಾಣಿಗಳು, ಬೆಳಗ್ಗೆ ಒಂದನ್ನು ನೋಡಿ, ಸಂಜೆ ಮತ್ತೊಂದನ್ನು ನೋಡಬಹುದೆಂಬ ಸಲಹೆಯೂ ಜೊತೆಗಿರುತ್ತದೆ. ಈ ವಿಂಗಡಣೆ ನಿಸರ್ಗದಲ್ಲಿ ಇಲ್ಲ. ಅದು ಸರ್ಕಾರಿ ಕಡತಗಳಲ್ಲಿ ಹುಟ್ಟಿದ್ದು. ಆ ಕಡತಗಳಿಗಿಂತ ಬಹು ಹಿಂದಿನ ಒಂದು ಐತಿಹ್ಯದಲ್ಲಿ ಗುಹೆಯೂ ಹುಲ್ಲುಗಾವಲೂ ಒಂದೇ ಕಥೆಯ ಎರಡು ತುದಿಗಳು. ಇದು ಹೇಗೆಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ನಾವು ಅಲ್ಲಿಗೆ ಹೋದುದು ಸೆಪ್ಟೆಂಬರ್ ತಿಂಗಳಲ್ಲಿ. ಹುಲ್ಲು ಆಗಲೇ ಒಣಗಿ ರಾಗಿಯ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಈ ಹುಲ್ಲುಗಾವಲನ್ನು ಮಿಶ್ರ ಪ್ರೇರಿ ಎಂದು ಸಸ್ಯಶಾಸ್ತ್ರಜ್ಞರು ಕರೆಯುತ್ತಾರೆ. ಮಳೆ ಹೆಚ್ಚಾಗಿರುವ ಪೂರ್ವದ ಎತ್ತರವಾದ ಹುಲ್ಲುಗಳೂ, ಮಳೆ ಕಡಮೆಯಾದ ಪಶ್ಚಿಮದ ಗಿಡ್ಡ ಹುಲ್ಲುಗಳೂ ಇಲ್ಲಿ ಸಂಧಿಸುತ್ತವೆ. ದಿಬ್ಬಗಳ ನೆತ್ತಿಯಲ್ಲಿ ಪಾಂಡೆರೋಸ ಪೈನ್ ಮರಗಳು ನಿಂತಿವೆ. ಪ್ರತಿ ವರ್ಷವೂ ಅವುಗಳ ಸಸಿಗಳು ಹುಲ್ಲಿನೊಳಕ್ಕೆ ಇಳಿಯಲು ಹವಣಿಸುತ್ತವೆ. ಹಿಂದೆ ಅವುಗಳನ್ನು ತಡೆಯುತ್ತಿದ್ದುದು ಕಾಡುಗಿಚ್ಚು. ರಸ್ತೆಯ ಪಕ್ಕದಲ್ಲಿ ಮಣ್ಣಿನ ಚಿಕ್ಕ ಚಿಕ್ಕ ಗುಡ್ಡೆಗಳು. ಒಂದೊಂದು ಗುಡ್ಡೆಯ ಮೇಲೂ ಒಂದೊಂದು ಪ್ರಾಣಿ ಹಿಂಗಾಲಿನ ಮೇಲೆ ನಿಂತು ಬಂದವರನ್ನು ನೋಡಿ ಬೊಗಳುತ್ತದೆ. ಇದೇ ಪ್ರೇರಿ ನಾಯಿ. ಹೆಸರು ಹೀಗಿದ್ದರೂ ಇದಕ್ಕೂ ನಾಯಿಗೂ ಸಂಬಂಧವಿಲ್ಲ. ಇದು ಅಳಿಲಿನ ಕುಟುಂಬಕ್ಕೆ ಸೇರಿದುದು, ನೆಲದೊಳಗೆ ಬಿಲಗಳ ಊರನ್ನೇ ಕಟ್ಟಿಕೊಂಡು ಬಾಳುತ್ತದೆ. ಆ ಊರಿನ ಅಂಚಿನಲ್ಲಿ ಐದಾರು ಬೈಸನ್‌ಗಳು ಮಲಗಿ ಮೆಲುಕು ಹಾಕುತ್ತಿದ್ದುವು.

ಬೈಸನ್ ಎಂಬ ಹೆಸರಿನ ವಿಷಯದಲ್ಲಿ ವಾಚಕರಿಗೆ ಒಂದು ಎಚ್ಚರಿಕೆ ಹೇಳಬೇಕು. ನಮ್ಮ ಅರಣ್ಯಗಳ ಕಾಟಿಯನ್ನು, ಎಂದರೆ ಕಾಡುಕೋಣವನ್ನು, ಇಂಗ್ಲಿಷಿನಲ್ಲಿ ಇಂಡಿಯನ್ ಬೈಸನ್ ಎಂದು ಕರೆಯುವ ವಾಡಿಕೆ ಬಹಳ ಕಾಲದಿಂದ ಇದೆ. ಆದರೆ ಕಾಟಿ ಬೇರೆ, ಅಮೆರಿಕದ ಬೈಸನ್ ಬೇರೆ. ಕಾಟಿಯ ಮೈ ನುಣುಪು, ಕಾಲಿಗೆ ಬಿಳಿಯ ಕಾಲುಚೀಲ ತೊಟ್ಟಂತಹ ಬಣ್ಣ. ಬೈಸನ್ನಿಗೆ ಹೆಗಲ ಮೇಲೆ ದೊಡ್ಡ ಡುಬ್ಬ, ತಲೆ ಕತ್ತುಗಳ ತುಂಬ ಜಡೆಗಟ್ಟಿದ ಕೂದಲು. ಅದು ಚಳಿಗಾಲದಲ್ಲಿ ಆ ಭಾರವಾದ ತಲೆಯಿಂದಲೇ ಹಿಮವನ್ನು ಗೋರಿ ಕೆಳಗಿನ ಹುಲ್ಲನ್ನು ತಿನ್ನುತ್ತದೆ. ಅಮೆರಿಕನ್ನರು ಇದನ್ನು ಬಫೆಲೊ ಎಂದೂ ಕರೆಯುವುದರಿಂದ, ಅನುವಾದದಲ್ಲಿ ‘ಎಮ್ಮೆ’ ಎಂದು ಬರೆದಿರುವುದನ್ನು ನಾವು ಪಠ್ಯಗಳಲ್ಲಿ ಕಂಡಿದ್ದೇವೆ. ಅದು ತಪ್ಪು.

ಗುಹೆಗೆ ಈ ಹೆಸರು ಬರಲು ಕಾರಣವಾದ ರಂಧ್ರವು ಸಂದರ್ಶಕರ ಕಟ್ಟಡದಿಂದ ಸ್ವಲ್ಪ ದೂರದ ಕಣಿವೆಯಲ್ಲಿದೆ. ಮೊದಲ ನೋಟಕ್ಕೆ ನಿರಾಶೆಯಾಗುವುದು ಸಹಜ. ಬಂಡೆಯ ಬುಡದಲ್ಲಿ ಒಂದು ಸಣ್ಣ ತೂತು, ತೆಳ್ಳಗಿನ ಮನುಷ್ಯನೊಬ್ಬನು ಮೈ ಹಿಂಡಿಕೊಂಡು ನುಸುಳಬಹುದಾದಷ್ಟು, ಇಷ್ಟೆ. ನಮ್ಮೊಡನಿದ್ದ ಮಾರ್ಗದರ್ಶಕಿಯು ಒಂದು ಬಟ್ಟೆಯ ಪಟ್ಟಿಯನ್ನು ಅದರ ಮುಂದೆ ಹಿಡಿದಳು. ಸುತ್ತಲ ಹುಲ್ಲು ಅಲುಗದೆ ನಿಂತಿತ್ತು. ಪಟ್ಟಿ ಮಾತ್ರ ನೆಟ್ಟಗೆ ನಮ್ಮ ಕಡೆಗೆ ಚಾಚಿಕೊಂಡಿತು. ಗುಹೆಯಿಂದ ಹೊರಕ್ಕೆ ಗಾಳಿ ಬೀಸುತ್ತಿತ್ತು.

ಇದರ ಕಾರಣ ಸರಳವಾದದ್ದು. ನೆಲದೊಳಗೆ ಅಪಾರವಾದ ಪೊಳ್ಳಿದೆ, ಹೊರಕ್ಕೆ ತೆರೆದ ಬಾಯಿಗಳು ಕೆಲವೇ, ಅವೂ ಕಿರಿದು. ಹೊರಗಿನ ವಾಯುಭಾರ ಇಳಿದರೆ ಒಳಗಿನ ಗಾಳಿ ಹೊರನುಗ್ಗುತ್ತದೆ. ಹೊರಗಿನ ಭಾರ ಏರಿದರೆ ಹೊರಗಿನ ಗಾಳಿಯನ್ನು ಗುಹೆ ಒಳಕ್ಕೆ ಎಳೆದುಕೊಳ್ಳುತ್ತದೆ. ಬಿರುಗಾಳಿ ಮಳೆಗಳು ಸಮೀಪಿಸುವಾಗ ವಾಯುಭಾರ ಇಳಿಯುವುದರಿಂದ ಗುಹೆ ಉಸಿರನ್ನು ಹೊರಬಿಡುತ್ತದೆ. ಆಕಾಶ ತಿಳಿಯಾದ ಮೇಲೆ ಒಳಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ಈ ರಂಧ್ರವು ನಿಸರ್ಗವೇ ನಿರ್ಮಿಸಿದ ಒಂದು ವಾಯುಭಾರಮಾಪಕ. ೧೯೬೬ರಲ್ಲಿ ಹರ್ಬ್ ಕಾನ್ ಎಂಬ ಗುಹಾಶೋಧಕನು ಈ ಗಾಳಿಯ ಹರಿವನ್ನು ಅಳೆದು, ಅದರಿಂದ ಒಳಗಿರುವ ಪೊಳ್ಳಿನ ಒಟ್ಟು ಗಾತ್ರವನ್ನು ಲೆಕ್ಕಹಾಕಿದನು. ಮನುಷ್ಯರು ತೆವಳಿ ಅಳೆದಿರುವ ದಾರಿಗಳು ಈಗ ೧೬೦ ಮೈಲಿಗಳನ್ನು ಮೀರಿವೆ. ಆದರೂ ಆ ಲೆಕ್ಕದಂತೆ ನೋಡಿದರೆ ಅಳೆದಿರುವುದು ಒಟ್ಟಿನ ಒಂದು ಸಣ್ಣ ಪಾಲು ಮಾತ್ರ. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಈ ೧೬೦ ಮೈಲಿಗಳೂ ನೆಲದ ಮೇಲೆ ಒಂದು ಚದರ ಮೈಲಿಗಿಂತ ತುಸುವೇ ಹೆಚ್ಚಾದ ಜಾಗದ ಕೆಳಗೆ ಅಡಗಿವೆ. ಒಂದರ ಮೇಲೊಂದು, ಒಂದರೊಳಗೊಂದು ಹೆಣೆದುಕೊಂಡ ಜಟಿಲವಾದ ಜಾಲವಿದು.

ಸಂದರ್ಶಕರು ಒಳಹೋಗುವುದು ಆ ರಂಧ್ರದಿಂದಲ್ಲ, ಅದರ ಪಕ್ಕದಲ್ಲಿ ಕೊರೆದ ಬಾಗಿಲಿನಿಂದ. ಮಾರ್ಗದರ್ಶಕರಿಲ್ಲದೆ ಯಾರಿಗೂ ಪ್ರವೇಶವಿಲ್ಲ. ಒಳಗೆ ಬೇಸಗೆಯಲ್ಲಿಯೂ ಚಳಿಗಾಲದಲ್ಲಿಯೂ ಸುಮಾರು ೧೨ ಡಿಗ್ರಿ ಸೆಲ್ಸಿಯಸ್ ಉಷ್ಣತೆ. ಗುಹೆಯೆಂದೊಡನೆ ಮೇಲಿನಿಂದ ಇಳಿಬಿದ್ದ ಸುಣ್ಣದ ಕಂಬಗಳನ್ನು ನಿರೀಕ್ಷಿಸುವವರಿಗೆ ಇಲ್ಲಿ ಅವು ಕಾಣಸಿಗುವುದು ಅಪರೂಪ. ಅಂತಹ ರಚನೆಗೆ ಬೇಕಾದಷ್ಟು ನೀರು ಈ ಒಣ ನಾಡಿನಲ್ಲಿ ಮೇಲಿನಿಂದ ತೊಟ್ಟಿಕ್ಕುವುದಿಲ್ಲ. ಇಲ್ಲಿಯ ವಿಶೇಷವೇ ಬೇರೆ. ಛಾವಣಿಯಲ್ಲಿ, ಗೋಡೆಗಳಲ್ಲಿ, ತೆಳುವಾದ ಕಂದು ಹಲಗೆಗಳು ಒಂದನ್ನೊಂದು ಅಡ್ಡ ಹಾಯ್ದು ಚೌಕ ಚೌಕವಾದ ಗೂಡುಗಳನ್ನು ಉಂಟುಮಾಡಿವೆ. ಜೇನುತಟ್ಟಿಯನ್ನು ಯಾರೋ ಅವಸರದಲ್ಲಿ, ಅಳತೆಯಿಲ್ಲದೆ ಕಟ್ಟಿದಂತೆ ಕಾಣುತ್ತದೆ. ಇದಕ್ಕೆ ಬಾಕ್ಸ್‌ವರ್ಕ್ ಎಂದು ಹೆಸರು. ಪ್ರಪಂಚದ ಬೇರೆ ಗುಹೆಗಳಲ್ಲಿ ಇದು ಅಲ್ಲಲ್ಲಿ ಅಲ್ಪಸ್ವಲ್ಪ ಇದೆ. ಇಷ್ಟು ಹೇರಳವಾಗಿ, ಇಷ್ಟು ಪೂರ್ಣವಾಗಿ ಇರುವುದು ಇಲ್ಲಿ.

ಇದು ಆದ ಬಗೆಯನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಸುಮಾರು ೩೫ ಕೋಟಿ ವರ್ಷಗಳ ಹಿಂದೆ ಈ ಪ್ರದೇಶದ ಮೇಲೆ ಆಳವಿಲ್ಲದ ಬೆಚ್ಚನೆಯ ಕಡಲು ಹರಡಿತ್ತು. ಅದರ ತಳದಲ್ಲಿ ಕೂಡಿದ ಸುಣ್ಣಕಲ್ಲಿನ ಪದರಕ್ಕೆ ಭೂವಿಜ್ಞಾನಿಗಳು ಪಹಾಸಪ ಎಂದು ಹೆಸರಿಟ್ಟಿದ್ದಾರೆ. ಇದು ಲಕೋಟ ಜನರು ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು ಕರೆಯುವ ಹೆಸರಿನಿಂದಲೇ ಬಂದುದು. ಆ ಸುಣ್ಣಕಲ್ಲಿನ ನಡುವೆ ಜಿಪ್ಸಮ್ ಕೂಡ ಇತ್ತು. ಅದು ನೀರನ್ನು ಹೀರಿ ಉಬ್ಬುವುದು, ಒಣಗಿ ಕುಗ್ಗುವುದು ನಡೆದಂತೆ ಸುತ್ತಣ ಕಲ್ಲು ಬಿರುಕು ಬಿಟ್ಟಿತು. ಬಿರುಕುಗಳೊಳಗೆ ಜಿಪ್ಸಮ್ ಸೇರಿತು. ಕಾಲಕ್ರಮದಲ್ಲಿ ಅದರ ಸ್ಥಾನವನ್ನು ಗಟ್ಟಿಯಾದ ಕ್ಯಾಲ್ಸೈಟ್ ಆಕ್ರಮಿಸಿತು. ಮುಂದೆ ನೀರು ಸುಣ್ಣಕಲ್ಲನ್ನು ಕರಗಿಸಿದಾಗ ಕಲ್ಲು ಹೋಯಿತು, ಬಿರುಕುಗಳು ಉಳಿದುವು. ಬಿರುಕಿಗಿಂತ ಕಲ್ಲು ಬಾಳುವುದು ಎಂಬ ನಮ್ಮ ಸಾಮಾನ್ಯ ತಿಳಿವಳಿಕೆಯನ್ನು ಬಾಕ್ಸ್‌ವರ್ಕ್ ತಲೆಕೆಳಗು ಮಾಡುತ್ತದೆ. ಗುಹೆಯ ಮೊದಲ ಪೊಳ್ಳುಗಳು ೩೦ ಕೋಟಿ ವರ್ಷಗಳಿಗೂ ಹಿಂದಿನವು. ತರುವಾಯ ಅವು ಕೆಂಪು ಮಣ್ಣಿನಿಂದ ತುಂಬಿಹೋಗಿ, ಬಹುಕಾಲಾನಂತರ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳು ಮೇಲೆದ್ದಾಗ ಮತ್ತೆ ನೀರು ಹರಿದು ಹಿಗ್ಗಿದುವು. ಆಳದ ತುದಿಯಲ್ಲಿ, ನೆಲದಿಂದ ೫೦೦ ಅಡಿಗಳಿಗೂ ಕೆಳಗೆ, ಕೆರೆಗಳಿವೆ. ಅವನ್ನು ಗುಹಾಶೋಧಕರು ಕಂಡುದು ೧೯೬೮ರಲ್ಲಿ. ಅಂತರ್ಜಲದ ಮಟ್ಟವೇ ಅಲ್ಲಿ ಕೆರೆಯಾಗಿ ತೋರುತ್ತದೆ.

ಭೂವಿಜ್ಞಾನದ ಈ ವಿವರಣೆಯಿಂದ ಒಂದು ಅಂಶ ನಮಗೆ ಬೇಕಾಗಿದೆ. ಮೇಲಿನ ಮಳೆ, ಹಿಮ ಕರಗಿದ ನೀರು, ಹುಲ್ಲಿನ ಬೇರುಗಳ ನಡುವೆ ಜಿನುಗಿ, ಮಣ್ಣಿನ ಇಂಗಾಲಾಮ್ಲವನ್ನು ಕೂಡಿಸಿಕೊಂಡು ಸುಣ್ಣಕಲ್ಲಿಗೆ ಇಳಿಯುತ್ತದೆ. ಮೇಲೆ ಏನು ಬೆಳೆದಿದೆ, ಎಷ್ಟು ಬೆಳೆದಿದೆ ಎಂಬುದನ್ನು ಕೆಳಗಿನ ಗುಹೆ ಬಲ್ಲದು. ವಾಹನ ನಿಲ್ಲಿಸುವ ಜಾಗದಿಂದ ಹರಿದ ನೀರಿನೊಡನೆ ಎಣ್ಣೆಯ ಅಂಶಗಳು ಗುಹೆಗೆ ಇಳಿಯುತ್ತವೆಂದು ತಿಳಿದು, ಆ ನೆಲವನ್ನೇ ಕಿತ್ತು ಬೇರೆ ರೀತಿಯಲ್ಲಿ ಹಾಸಬೇಕಾಯಿತು. ಕೆಳಗಿನದನ್ನು ಮೇಲಿನದರಿಂದ ಬಿಡಿಸಲು ಬರುವುದಿಲ್ಲ.

ಇನ್ನು ಇತಿಹಾಸಕ್ಕೆ ಬರೋಣ. ‘೧೮೮೧ರಲ್ಲಿ ಜೆಸ್ಸಿ ಮತ್ತು ಟಾಮ್ ಬಿಂಗ್‌ಹ್ಯಾಮ್ ಎಂಬ ಸಹೋದರರು ಈ ಗುಹೆಯನ್ನು ಕಂಡುಹಿಡಿದರು’ ಎಂದು ನಾವು ತರಗತಿಗಾಗಿ ಮಾಡಿಕೊಂಡಿದ್ದ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆವು. ಎರಡು ವರ್ಷ ಹಾಗೆಯೇ ಪಾಠ ಹೇಳಿದೆವು. ಪ್ರಚಲಿತವಾದ ಕಥೆಯೂ ಅದೇ. ಸಹೋದರರು ಗಾಳಿಯ ಸದ್ದನ್ನು ಕೇಳಿ ರಂಧ್ರದ ಬಳಿಗೆ ಬಂದರು. ಒಳಗಿನಿಂದ ಬೀಸಿದ ಗಾಳಿ ಒಬ್ಬನ ಹ್ಯಾಟನ್ನು ಹಾರಿಸಿತು. ಮತ್ತೊಂದು ದಿನ ಗೆಳೆಯರಿಗೆ ತೋರಿಸಲೆಂದು ಬಂದಾಗ ಗಾಳಿಯು ದಿಕ್ಕು ಬದಲಿಸಿ ಹ್ಯಾಟನ್ನು ಒಳಕ್ಕೆ ನುಂಗಿತು. ಕಥೆ ಸೊಗಸಾಗಿದೆ, ಗಾಳಿಯ ತತ್ತ್ವಕ್ಕೂ ಒಪ್ಪುತ್ತದೆ. ಆದರೆ ‘ಕಂಡುಹಿಡಿದರು’ ಎಂಬ ಕ್ರಿಯಾಪದವನ್ನು ನಾವು ಪರೀಕ್ಷಿಸದೆ ಬಳಸಿದೆವೆಂಬುದು ಆ ರಂಧ್ರದ ಮುಂದೆ ನಿಂತಾಗ ಮನವರಿಕೆಯಾಯಿತು. ಏಕೆಂದರೆ ಆ ರಂಧ್ರಕ್ಕೆ ಅದಕ್ಕೂ ಮುಂಚೆಯೇ ಒಂದು ಹೆಸರಿತ್ತು. ಲಕೋಟ ಭಾಷೆಯಲ್ಲಿ ಅದು ‘ಒನಿಯ ಒಶೋಕ’; ಭೂಮಿಯು ಉಸಿರಾಡುವ ಸ್ಥಳವೆಂದು ಅದರ ತಾತ್ಪರ್ಯ.

ಲಕೋಟ ಜನರ ಹುಟ್ಟಿನ ಐತಿಹ್ಯವು ಈ ರಂಧ್ರದಲ್ಲಿ ನಡೆಯುತ್ತದೆ. ಅದರ ಒಂದು ಪಾಠವನ್ನು ಸಂಕ್ಷೇಪವಾಗಿ ಹೇಳುವುದಾದರೆ: ಆದಿಯಲ್ಲಿ ಜನರು ನೆಲದ ಕೆಳಗೆ ಇದ್ದರು, ಮೇಲಿನ ಲೋಕ ಇನ್ನೂ ಅವರಿಗಾಗಿ ಸಿದ್ಧವಾಗಿರಲಿಲ್ಲ. ಇಕ್ತೋಮಿ ಎಂಬ ವಂಚಕನೂ ಎರಡು ಮುಖದ ಸ್ತ್ರೀಯೊಬ್ಬಳೂ ಸೇರಿ, ಮಾಂಸ, ಹಣ್ಣು, ಅಲಂಕರಿಸಿದ ಉಡುಪುಗಳನ್ನು ಕೆಳಕ್ಕೆ ಕಳುಹಿಸಿ ಆಸೆ ಹುಟ್ಟಿಸಿದರು. ಕೆಲವರು ಮಾತು ಕೇಳದೆ ಮೇಲೆ ಬಂದರು. ಬೇಸಗೆ ಸುಖವಾಗಿ ಕಳೆಯಿತು. ಚಳಿಗಾಲದಲ್ಲಿ ಹಸಿದು, ನಡುಗಿ, ಮರಳಿ ರಂಧ್ರದ ಬಳಿಗೆ ಬಂದು ಅತ್ತರು. ಆಜ್ಞೆ ಮೀರಿದುದಕ್ಕಾಗಿ ಸೃಷ್ಟಿಕರ್ತನು ಅವರನ್ನು ಬೈಸನ್‌ಗಳನ್ನಾಗಿ ಮಾಡಿದನು. ಮುಂದೆ ಮೇಲಿನ ಲೋಕ ಸಿದ್ಧವಾದಾಗ ತೊಕಾಹೆ ಎಂಬ ಮುಂದಾಳು ಉಳಿದವರನ್ನು ಕರೆತಂದನು. ಹೊರಬಂದವರಿಗೆ ಮೊದಲು ಕಂಡುದು ಬೈಸನ್ನಿನ ಗೊರಸಿನ ಗುರುತುಗಳು. ಅವನ್ನು ಅನುಸರಿಸಿ ನಡೆಯಿರಿ, ಆಹಾರವೂ ಬಟ್ಟೆಯೂ ಮನೆಯೂ ಅಲ್ಲಿಂದಲೇ ದೊರೆಯುವುವು ಎಂದು ಅವರಿಗೆ ಅಪ್ಪಣೆಯಾಯಿತು. ಬಳಿಕ ಯಾರೂ ಒಳಗೆ ಮರಳಲಾಗದಂತೆ ರಂಧ್ರವು ಕಿರಿದಾಯಿತು.

ಇತಿಹಾಸದ ವಿದ್ಯಾರ್ಥಿಯು ಇದನ್ನು ಹೇಗೆ ಓದಬೇಕು? ಘಟನೆಯ ವರದಿಯೆಂದು ಓದುವಂತಿಲ್ಲ. ಪಾಠಾಂತರಗಳೂ ಇವೆ. ಪೈನ್ ರಿಡ್ಜ್ ಮೀಸಲು ಪ್ರದೇಶದಲ್ಲಿ ವೈದ್ಯನಾಗಿದ್ದ ಜೇಮ್ಸ್ ವಾಕರ್ ಎಂಬುವನು ತೊಕಾಹೆಯ ಕಥೆಯನ್ನು ಹಿರಿಯರಿಂದ ಕೇಳಿ ೧೯೧೭ರಲ್ಲಿ ಪ್ರಕಟಿಸಿದನು. ಬಾಯಿಂದ ಬಾಯಿಗೆ ಬಂದುದು ಬರಹಕ್ಕೆ ಇಳಿಯುವಾಗ ಏನಾದರೂ ಬದಲಾಗದೆ ಇರದು. ಆದರೂ ಮೂರು ಸಂಗತಿಗಳು ಈ ಕಥೆಯಿಂದ ನಿಶ್ಚಯವಾಗಿ ತಿಳಿದುಬರುತ್ತವೆಂದು ನಮ್ಮ ಅಭಿಪ್ರಾಯ. ಇದನ್ನು ಹೇಳಿದವರು ರಂಧ್ರದ ಗಾಳಿಯನ್ನು ಗಮನಿಸಿದ್ದರು, ಅದರ ಕಿರಿದಾದ ಬಾಯಿಗೆ ಕಾರಣವನ್ನು ಯೋಚಿಸಿದ್ದರು, ಮತ್ತು ಗುಹೆಯನ್ನೂ ಬೈಸನ್ನನ್ನೂ ಒಂದೇ ಮೂಲದವೆಂದು ಭಾವಿಸಿದ್ದರು. ಐತಿಹ್ಯವೆಂಬ ಒಂದೇ ಕಾರಣದಿಂದ ಅದನ್ನು ಪಕ್ಕಕ್ಕಿಟ್ಟು, ಹ್ಯಾಟಿನ ಕಥೆಯನ್ನು ಮಾತ್ರ ಇತಿಹಾಸವೆಂದು ಅಂಗೀಕರಿಸುವುದು ನ್ಯಾಯವಲ್ಲ. ಹ್ಯಾಟಿನ ಕಥೆಯೂ ಬಾಯಿಂದ ಬಾಯಿಗೆ ಬಂದುದೇ ಅಲ್ಲವೆ?

ಬಿಂಗ್‌ಹ್ಯಾಮ್ ಸಹೋದರರು ಅಲ್ಲಿ ನಿಂತುದಾದರೂ ಹೇಗೆ? ೧೮೬೮ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಬ್ಲ್ಯಾಕ್ ಹಿಲ್ಸ್ ಪ್ರದೇಶವನ್ನೊಳಗೊಂಡ ವಿಶಾಲವಾದ ಭೂಭಾಗವನ್ನು ಸೂ ಜನಾಂಗದವರಿಗೆ, ಎಂದರೆ ಲಕೋಟರೂ ಸೇರಿದ ಆ ಜನಸಮುದಾಯಕ್ಕೆ, ಬಿಟ್ಟುಕೊಡಲಾಗಿತ್ತು. ವಯಸ್ಕ ಪುರುಷರಲ್ಲಿ ಮುಕ್ಕಾಲು ಪಾಲು ಜನ ಸಹಿ ಹಾಕದೆ ಆ ನೆಲದ ಯಾವ ಭಾಗವನ್ನೂ ಮುಂದೆ ಪಡೆಯಕೂಡದೆಂಬ ಷರತ್ತೂ ಅದರಲ್ಲಿತ್ತು. ೧೮೭೪ರಲ್ಲಿ ಕಸ್ಟರನ ಸೈನ್ಯದ ತಂಡವು ಬೆಟ್ಟಗಳಲ್ಲಿ ಚಿನ್ನವಿದೆಯೆಂದು ವರದಿ ಮಾಡಿತು. ಗಣಿಗಾರರು ನುಗ್ಗಿದರು. ಯುದ್ಧವಾಯಿತು. ೧೮೭೭ರಲ್ಲಿ ಕಾಂಗ್ರೆಸ್ಸು ಶಾಸನವೊಂದರಿಂದ ಬೆಟ್ಟಗಳನ್ನು ಕಿತ್ತುಕೊಂಡಿತು. ಆ ಒಡಂಬಡಿಕೆಗೆ ಸಹಿ ಹಾಕಿದವರು ವಯಸ್ಕ ಪುರುಷರಲ್ಲಿ ಶೇಕಡ ೧೦ರಷ್ಟು ಮಾತ್ರ. ಇದಾದ ನಾಲ್ಕು ವರ್ಷಕ್ಕೆ ಗುಹೆ ‘ಕಂಡುಹಿಡಿಯಲ್ಪಟ್ಟಿತು’. ಒಂದು ಶತಮಾನದ ನಂತರ, ೧೯೮೦ರಲ್ಲಿ, ಅಮೆರಿಕದ ಸುಪ್ರೀಮ್ ಕೋರ್ಟು ಈ ಸ್ವಾಧೀನಕ್ಕೆ ನ್ಯಾಯವಾದ ಪರಿಹಾರ ಸಲ್ಲಬೇಕೆಂದು ತೀರ್ಪಿತ್ತಿತು. ಬಡ್ಡಿ ಸೇರಿ ಹತ್ತು ಕೋಟಿ ಡಾಲರುಗಳಿಗೂ ಹೆಚ್ಚಿನ ಮೊತ್ತ ಗೊತ್ತಾಯಿತು. ನಮಗೆ ಬೇಕಾದುದು ಹಣವಲ್ಲ, ಬೆಟ್ಟಗಳು ಎಂದು ಸೂ ಪಂಗಡಗಳು ಅದನ್ನು ಸ್ವೀಕರಿಸದೆ ಉಳಿದಿವೆ.

ಗುಹೆಯ ಒಡೆತನಕ್ಕಾಗಿ ಹೊಸಬರ ನಡುವೆಯೇ ನಡೆದ ಜಗಳ ಸಣ್ಣದಲ್ಲ. ಸೌತ್ ಡಕೋಟ ಮೈನಿಂಗ್ ಕಂಪನಿಯು ಈ ಜಾಗವನ್ನು ಗಣಿಯೆಂದು ಹಿಡಿದು, ೧೮೯೦ರಲ್ಲಿ ಜೆ. ಡಿ. ಮೆಕ್‌ಡೊನಾಲ್ಡ್ ಎಂಬುವನನ್ನು ಮೇಲ್ವಿಚಾರಣೆಗೆ ನೇಮಿಸಿತು. ಅಲ್ಲಿ ತೆಗೆಯಲು ಯೋಗ್ಯವಾದ ಖನಿಜವೇನೂ ಸಿಗಲಿಲ್ಲ. ಮೆಕ್‌ಡೊನಾಲ್ಡ್ ಕುಟುಂಬದವರು ಗುಹೆಯನ್ನು ಹಣ ಪಡೆದು ತೋರಿಸುವ ಉದ್ಯಮಕ್ಕೆ ತಿರುಗಿದರು. ಹಾಟ್ ಸ್ಪ್ರಿಂಗ್ಸಿನ ಜಾನ್ ಸ್ಟೇಬ್ಲರ್ ಪಾಲುದಾರನಾದನು.

ಈ ಗದ್ದಲದ ನಡುವೆ ನಮ್ಮ ಮನಸ್ಸನ್ನು ಸೆಳೆಯುವವನು ಮೆಕ್‌ಡೊನಾಲ್ಡನ ಮಗ ಆಲ್ವಿನ್. ಹದಿಹರೆಯದ ಈ ಹುಡುಗನು ಮೇಣದ ಬತ್ತಿಯನ್ನು ಹಿಡಿದು, ಹಿಂದಿರುಗುವ ದಾರಿ ತಪ್ಪದಂತೆ ದಾರದ ಉಂಡೆಯನ್ನು ಬಿಚ್ಚುತ್ತ, ದಿನ ದಿನವೂ ಕತ್ತಲೆಯೊಳಗೆ ಹೋಗಿಬಂದನು. ೧೮೯೧ರಿಂದ ದಿನಚರಿಯನ್ನೂ ಬರೆದಿಟ್ಟನು. ಕಂಡ ಕೋಣೆಗಳಿಗೆ ಹೆಸರಿಟ್ಟನು, ದಾರಿಗಳನ್ನು ಗುರುತಿಸಿದನು. ಗುಹೆಯ ಕೊನೆಯನ್ನು ಕಾಣುವ ಆಸೆಯನ್ನು ಬಿಟ್ಟೆನೆಂದು ಒಂದು ಕಡೆ ಬರೆದುಕೊಂಡಿದ್ದಾನೆ. ಇಂದಿನ ೧೬೦ ಮೈಲಿಗಳ ನಕ್ಷೆಯನ್ನು ಮುಂದಿಟ್ಟುಕೊಂಡು ನೋಡಿದರೆ ಆ ಹುಡುಗನ ವಿವೇಕ ಮೆಚ್ಚತಕ್ಕದ್ದು. ೧೮೯೩ರಲ್ಲಿ ಷಿಕಾಗೊ ನಗರದ ಮಹಾಪ್ರದರ್ಶನಕ್ಕೆ ಹೋದಾಗ ಟೈಫಾಯಿಡ್ ತಗುಲಿ, ಅದೇ ವರ್ಷದ ಡಿಸೆಂಬರಿನಲ್ಲಿ ಇಪ್ಪತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಸಮಾಧಿ ಗುಹೆಯ ಬಾಯಿಗೆ ಸಮೀಪದಲ್ಲಿಯೇ ಇದೆ. ಒಡೆತನಕ್ಕೆ ಹೋರಾಡಿದವರ ಕಾಗದಗಳಿಗಿಂತ ಈ ಹುಡುಗನ ದಿನಚರಿ ನಮಗೆ ಹೆಚ್ಚಿನ ಆಕರವೆನಿಸಿತು. ಅದರಲ್ಲಿ ಗುಹೆಯ ಮೇಲೆ ಯಾವ ಹಕ್ಕು ಸಾಧನೆಯೂ ಇಲ್ಲ, ನೋಡುವ ಹಂಬಲ ಮಾತ್ರ ಇದೆ.

ಕುಟುಂಬಕ್ಕೂ ಪಾಲುದಾರನಿಗೂ, ಅವರಿಗೂ ಕಂಪನಿಗೂ ವ್ಯಾಜ್ಯಗಳು ಬೆಳೆದುವು. ೧೮೯೯ರಲ್ಲಿ ಒಳಾಡಳಿತ ಇಲಾಖೆಯು ತೀರ್ಮಾನಿಸಿತು: ಕಂಪನಿಯು ಅಲ್ಲಿ ಗಣಿ ನಡೆಸಿಲ್ಲ, ಎದುರು ಪಕ್ಷದವರು ಸಾಗುವಳಿ ಮಾಡಿ ನೆಲೆಸಿಲ್ಲ, ಆದುದರಿಂದ ಯಾರಿಗೂ ಹಕ್ಕಿಲ್ಲ. ತೀರ್ಪು ಕಾನೂನಿನ ದೃಷ್ಟಿಯಿಂದ ಸಮರ್ಪಕವಾದುದೇ. ಆದರೆ ಆ ವಿಚಾರಣೆಯಲ್ಲಿ ಪಕ್ಷಗಾರರಾಗಿದ್ದವರು ಈ ಹೊಸಬರು ಮಾತ್ರ. ಗಣಿ ತೋಡುವುದು, ಉಳುವುದು ಎಂಬ ಎರಡೇ ಬಗೆಯ ಸಂಬಂಧವನ್ನು ಬಲ್ಲ ಕಾನೂನಿಗೆ, ಒಂದು ರಂಧ್ರದ ಮುಂದೆ ನಿಂತು ನಾವು ಇಲ್ಲಿಂದ ಬಂದವರು ಎಂದು ಹೇಳುವವರ ಸಂಬಂಧವನ್ನು ಬರೆದುಕೊಳ್ಳಲು ಕಡತದಲ್ಲಿ ಸ್ಥಳವೇ ಇರಲಿಲ್ಲ. ಹೀಗೆ ಯಾರದೂ ಅಲ್ಲವೆಂದು ತೀರ್ಮಾನವಾದ ನೆಲವು ನಾಲ್ಕು ವರ್ಷಗಳೊಳಗೆ ಎಲ್ಲರ ಉದ್ಯಾನವಾಯಿತು.

೧೯೦೩ರ ಶಾಸನದ ಗಮನವೆಲ್ಲ ಗುಹೆಯ ಮೇಲೆ. ಮೇಲಿನ ಹುಲ್ಲಿನಲ್ಲಿ ಆಗ ಬೈಸನ್ ಇರಲಿಲ್ಲ. ಉತ್ತರ ಅಮೆರಿಕದ ಬಯಲುಗಳಲ್ಲಿ ಕೋಟಿಗಟ್ಟಲೆಯಾಗಿದ್ದ ಈ ಪ್ರಾಣಿಯನ್ನು ತೊಗಲಿಗಾಗಿ, ರೈಲುಮಾರ್ಗದ ಅನುಕೂಲಕ್ಕಾಗಿ, ಮತ್ತು ಅದನ್ನೇ ನೆಚ್ಚಿದ್ದ ಬುಡಕಟ್ಟುಗಳನ್ನು ಮಣಿಸುವುದಕ್ಕಾಗಿ ಕೊಂದು, ೧೮೮೦ರ ದಶಕದ ಕೊನೆಗೆ ಸುಮಾರು ಒಂದು ಸಾವಿರಕ್ಕೆ ಇಳಿಸಲಾಗಿತ್ತು. ಇದ್ದಬದ್ದುದನ್ನು ಉಳಿಸಲು ೧೯೦೫ರಲ್ಲಿ ಅಮೆರಿಕನ್ ಬೈಸನ್ ಸೊಸೈಟಿ ಸ್ಥಾಪಿತವಾಯಿತು. ವಿಲಿಯಂ ಹಾರ್ನಡೆ ಅದರ ಅಧ್ಯಕ್ಷ; ರೂಸ್ವೆಲ್ಟರು ಗೌರವಾಧ್ಯಕ್ಷರು. ೧೯೧೨ರಲ್ಲಿ ಕಾಂಗ್ರೆಸ್ಸು ವಿಂಡ್ ಕೇವ್ ಉದ್ಯಾನದ ನೆಲದಲ್ಲಿಯೇ ಪ್ರತ್ಯೇಕವಾದ ಪ್ರಾಣಿರಕ್ಷಣಾ ಕ್ಷೇತ್ರವೊಂದನ್ನು ಏರ್ಪಡಿಸಿತು. ೧೯೧೩ರ ನವೆಂಬರಿನಲ್ಲಿ ೧೪ ಬೈಸನ್‌ಗಳು ಹಾಟ್ ಸ್ಪ್ರಿಂಗ್ಸಿಗೆ ರೈಲಿನಲ್ಲಿ ಬಂದಿಳಿದುವು. ಬಂದುದು ಎಲ್ಲಿಂದ? ನ್ಯೂಯಾರ್ಕ್ ನಗರದ ಮೃಗಾಲಯದಿಂದ. ಬಯಲಿನ ಪ್ರಾಣಿಯು ಬಯಲಿಗೆ ಮರಳಬೇಕಾದರೆ ಪೂರ್ವತೀರದ ಮಹಾನಗರದಿಂದ ಪೆಟ್ಟಿಗೆಯಲ್ಲಿ ಬರಬೇಕಾಯಿತು. ೧೯೧೬ರಲ್ಲಿ ಯೆಲ್ಲೋಸ್ಟೋನಿನಿಂದ ಇನ್ನೂ ೬ ಬಂದುವು. ಈ ೨೦ರ ಸಂತತಿಯೇ ನಾವು ರಸ್ತೆಯ ಬದಿಯಲ್ಲಿ ಕಂಡ ಮಂದೆ. ಎಲ್ಕ್, ಪ್ರಾಂಗ್‌ಹಾರ್ನ್ ಮುಂತಾದುವನ್ನೂ ಅದೇ ಕಾಲದಲ್ಲಿ ಬೇರೆಡೆಯಿಂದ ತಂದು ಬಿಡಲಾಯಿತು. ಅನಾದಿಯಿಂದ ಹೀಗೆಯೇ ಇದ್ದಿತೆಂದು ನೋಟಕನಿಗೆ ಭ್ರಮೆ ಹುಟ್ಟಿಸುವ ಈ ದೃಶ್ಯದ ಬಹುಭಾಗ ಇಪ್ಪತ್ತನೆಯ ಶತಮಾನದ ರಚನೆ. ಇದನ್ನು ದೋಷವೆಂದು ನಾವು ಹೇಳುತ್ತಿಲ್ಲ. ದೇವಾಲಯದ ಜೀರ್ಣೋದ್ಧಾರವನ್ನು ಅಭ್ಯಸಿಸುವಾಗ ಯಾವ ಕಲ್ಲು ಹಳೆಯದು, ಯಾವುದು ಹೊಸದೆಂದು ಕೇಳುವಂತೆ ಇಲ್ಲಿಯೂ ಕೇಳಬೇಕೆಂಬುದಷ್ಟೇ ನಮ್ಮ ಆಶಯ.

ವಿಚಿತ್ರವೆಂದರೆ ಗುಹೆಯು ಒಳಾಡಳಿತ ಇಲಾಖೆಗೆ ಸೇರಿತ್ತು. ಅದರ ಮೇಲಿನ ಬೈಸನ್ ಕೃಷಿ ಇಲಾಖೆಗೆ. ಒಂದೇ ನೆಲ, ಎರಡು ಕಚೇರಿ. ಈ ಏರ್ಪಾಡು ೧೯೩೫ರವರೆಗೆ ನಡೆಯಿತು. ಆ ವರ್ಷ ರಕ್ಷಣಾ ಕ್ಷೇತ್ರವನ್ನು ಉದ್ಯಾನದಲ್ಲಿ ವಿಲೀನಗೊಳಿಸಲಾಯಿತು. ಲಕೋಟ ಐತಿಹ್ಯವು ಆರಂಭದಿಂದಲೇ ಜೋಡಿಸಿಟ್ಟಿದ್ದುದನ್ನು ಸರ್ಕಾರವು ಜೋಡಿಸಲು, ೧೯೦೩ರಿಂದ ಎಣಿಸಿದರೆ, ೩೨ ವರ್ಷ ಹಿಡಿಯಿತು.

ಜೋಡಿಸಿದ ಮೇಲೂ ತಿಳಿವಳಿಕೆ ನಿಧಾನವಾಗಿಯೇ ಬಂದಿತು. ಬೇಲಿಯೊಳಗೆ ಮಂದೆ ಬೆಳೆದರೆ ಹುಲ್ಲು ಸಾಲದು. ತೋಳಗಳು ಈ ಬೆಟ್ಟಗಳಿಂದ ಎಂದೋ ನಿರ್ಮೂಲವಾಗಿದ್ದುವು. ಆದುದರಿಂದ ಹೆಚ್ಚಾದ ಬೈಸನ್‌ಗಳನ್ನು ಕೂಡಿಹಾಕಿ ಬೇರೆಡೆಗೆ ಸಾಗಿಸಬೇಕಾಗುತ್ತದೆ. ಹಾಗೆ ಹೋದವುಗಳಲ್ಲಿ ಕೆಲವು ಇಂದು ಬುಡಕಟ್ಟುಗಳ ಸ್ವಂತ ಮಂದೆಗಳಲ್ಲಿವೆ. ಹುಲ್ಲನ್ನು ಮೇಯುತ್ತದೆಂಬ ಕಾರಣಕ್ಕೆ ಪಶುಪಾಲಕರ ದ್ವೇಷಕ್ಕೆ ಗುರಿಯಾದ ಪ್ರೇರಿ ನಾಯಿಯನ್ನು ಬಯಲುನಾಡಿನಾದ್ಯಂತ ವಿಷವಿಟ್ಟು ಕೊಂದರು. ಅದನ್ನೇ ತಿಂದು ಅದರ ಬಿಲದಲ್ಲಿಯೇ ಬಾಳುವ ಕಪ್ಪುಪಾದದ ಫೆರೆಟ್, ಎಂದರೆ ನೋಟಕ್ಕೆ ಮುಂಗುಸಿಯಂತಿರುವ ಒಂದು ಸಣ್ಣ ಪ್ರಾಣಿ, ಇದರಿಂದ ನಾಶದ ಅಂಚಿಗೆ ಬಂದಿತು. ಅಳಿದೇಹೋಯಿತೆಂದು ಭಾವಿಸಿದ್ದಾಗ ೧೯೮೧ರಲ್ಲಿ ವಯೋಮಿಂಗ್ ರಾಜ್ಯದಲ್ಲಿ ಒಂದು ಸಣ್ಣ ಗುಂಪು ಕಾಣಿಸಿಕೊಂಡಿತು. ಕೊನೆಗೆ ಹಿಡಿದು ಸಾಕಿದ ೧೮ ಪ್ರಾಣಿಗಳಿಂದ ಬೆಳೆಸಿದ ಸಂತತಿಯನ್ನು ೨೦೦೭ರಲ್ಲಿ ವಿಂಡ್ ಕೇವ್ ಉದ್ಯಾನದಲ್ಲಿ ಬಿಡಲಾಯಿತು. ಇದು ರಾತ್ರಿ ಸಂಚರಿಸುವ ಪ್ರಾಣಿಯಾದುದರಿಂದ ನಾವು ಕಾಣಲಿಲ್ಲ. ಬಹುಕಾಲ ನಂದಿಸುತ್ತಲೇ ಬಂದಿದ್ದ ಬೆಂಕಿಯನ್ನು ಈಗ ಅಧಿಕಾರಿಗಳೇ ಕಾಲ ನೋಡಿ ಹಚ್ಚುತ್ತಾರೆ; ಹಚ್ಚದಿದ್ದರೆ ಪೈನ್ ಮರಗಳು ಹುಲ್ಲನ್ನು ನುಂಗುತ್ತವೆ, ಮರಗಳು ಹೆಚ್ಚಿದರೆ ನೆಲಕ್ಕೆ ಇಂಗುವ ನೀರು ಕಡಮೆಯಾಗುತ್ತದೆ. ಗುಹೆಗೆ ಇಳಿಯುವುದೂ ಆ ನೀರೇ.

೨೦೧೧ರಲ್ಲಿ ಉದ್ಯಾನಕ್ಕೆ ೫,೫೫೬ ಎಕರೆಗಳ ಹೊಸ ನೆಲ ಸೇರಿತು. ಹಿಂದೆ ಸ್ಯಾನ್ಸನ್ ಎಂಬ ಕುಟುಂಬದವರು ದನಕಾಯುತ್ತಿದ್ದ ಜಮೀನು ಇದರಲ್ಲಿದೆ. ಹಳೆಯ ಮನೆ, ಕೊಟ್ಟಿಗೆಗಳು ಈಗಲೂ ನಿಂತಿವೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಒಂದು ಕಡಿದಾದ ಅಂಚು. ಕುದುರೆಗಳು ಈ ಖಂಡದ ಜನರ ಕೈಗೆ ಬರುವುದಕ್ಕೆ ಹಿಂದೆ, ಬೇಟೆಗಾರರು ಬೈಸನ್ ಮಂದೆಯನ್ನು ಉಪಾಯದಿಂದ ಇಂತಹ ಅಂಚಿನತ್ತ ಅಟ್ಟಿ, ಕೆಳಗೆ ಬಿದ್ದವುಗಳನ್ನು ಕೊಂದು, ಮಾಂಸ ತೊಗಲು ಎಲುಬುಗಳನ್ನು ಹಂಚಿಕೊಳ್ಳುತ್ತಿದ್ದರು. ಇದಕ್ಕೆ ಬೈಸನ್ ಜಿಗಿತದ ಸ್ಥಳವೆಂದು ಹೆಸರು. ಗೊರಸಿನ ಗುರುತನ್ನು ಅನುಸರಿಸಿ ನಡೆಯಿರಿ ಎಂಬ ಐತಿಹ್ಯದ ಅಪ್ಪಣೆಯನ್ನು ಜನರು ಕೈಗಳಿಂದ ಹೇಗೆ ನೆರವೇರಿಸಿದರೆಂಬುದಕ್ಕೆ ಈ ಅಂಚು ಸಾಕ್ಷಿ. ಇಲ್ಲಿಗೆ ಬರುವ ಸಂದರ್ಶಕರು ಕಡಮೆ; ನಾವು ಹೋದ ದಿನ ನಮ್ಮನ್ನು ಬಿಟ್ಟರೆ ಮತ್ತಾರೂ ಇರಲಿಲ್ಲ. ಗುಹೆಯನ್ನು ನೋಡಿ ಹೊರಡುವ ಅಧ್ಯಾಪಕರಿಗೆ ಅರ್ಧ ದಿನ ಹೆಚ್ಚು ಇಟ್ಟುಕೊಂಡು ಈ ಜಾಗವನ್ನೂ ನೋಡಬೇಕೆಂದು ನಮ್ಮ ಸಲಹೆ. ಬೈಸನ್ ಎದುರಾದರೆ ಕಡಮೆ ಪಕ್ಷ ೨೫ ಗಜ ದೂರವಿರಬೇಕು. ಅದು ಮಂದವಾಗಿ ಕಾಣುತ್ತದೆ, ಓಟದಲ್ಲಿ ಕುದುರೆಗೆ ಸಮ.

ಸಂಜೆ ಹಿಂದಿರುಗುವಾಗ ಪಶ್ಚಿಮದಲ್ಲಿ ಮೋಡ ಕವಿದಿತ್ತು. ನಾವು ಮತ್ತೊಮ್ಮೆ ರಂಧ್ರದ ಬಳಿಗೆ ಹೋಗಿ ಕೈಯನ್ನು ಅದರ ಮುಂದೆ ಹಿಡಿದೆವು. ಗಾಳಿ ಬೆಳಗಿಗಿಂತ ಬಲವಾಗಿ ಹೊರಬೀಸುತ್ತಿತ್ತು. ಹಾಟ್ ಸ್ಪ್ರಿಂಗ್ಸ್ ತಲಪುವ ಮುನ್ನವೇ ಮಳೆ ಹಿಡಿಯಿತು.